ಎಡಗನ್ನಡಿ

ಗಡಿಯಾರ ಬರೆಯಿರಿ ಅಂದಳು ಥೆರಪಿಯ ಹುಡುಗಿ.
ದುಂಡಗೆ ಗೆರೆ ಎಳೆದಿರಿ, ಕೈ ನಡುಗಲಿಲ್ಲ.
ಹನ್ನೆರಡರಿಂದ ಆರರವರೆಗೆ ಅಚ್ಚುಕಟ್ಟು.
ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು
ಅವೂ ಬಲಗಡೆಯೇ, ಕೊನೆಯ ಬಸ್ಸಿಗೆ ನುಗ್ಗಿದವರ ಹಾಗೆ
ಒಬ್ಬರ ಮೇಲೊಬ್ಬರು.
ಎಡಗಡೆ ಬರೀ ಕಾಗದ.
"ಆತು ನೋಡ್ರಿ" ಅಂದು ಪೆನ್ನು ಹಿಂದಕ್ಕೆ ಕೊಟ್ಟಿರಿ,
ಲೆಕ್ಕ ಒಪ್ಪಿಸಿದ ಸಮಾಧಾನದಲ್ಲಿ.

ಆ ಬರೀ ಕಾಗದದ ಕಡೆಗೇ
ಕುರ್ಚಿ ಹಾಕಿಕೊಂಡು ಕೂತಿದ್ದೆ ನಾನು.

ಕ್ಲಿಪ್ಪು ಸರಿಯಾಗಿ ಕೂತಿದೆ ಅಂದಿದ್ದರು.
ಟೈಟಾನಿಯಂ. ಅಕ್ಕಿಕಾಳಿನಷ್ಟು.
ಒಡೆದ ಗುಳ್ಳೆಯ ಕತ್ತಿಗೆ,
ಹಗ್ಗದ ಮೇಲಿನ ಬಟ್ಟೆಗೆ ಚಿಮಟ ಕಚ್ಚಿಸಿದ ಹಾಗೆ.
ಆ ರಾತ್ರಿ ಊರಿಗೆಲ್ಲ ಫೋನು ಮಾಡಿ
ಗೆದ್ದೆವು ಅಂದೆ, ನನ್ನ ಬಾಯಿ ಸುಡಲಿ.

ಏಳನೆಯ ದಿನ, ಬೆಳಗಿನ ಜಾವ.
ಹೊರಗೆ ಚೆಲ್ಲಿದ ರಕ್ತ ಸೋಕಿದ್ದಕ್ಕೆ
ನಾಳಗಳು ಮೈಲಿಗೆಯಾದವರ ಹಾಗೆ
ಮೈ ಮುದುಡಿಕೊಂಡವಂತೆ.
ಹೀಗೆ ಆಗುವುದುಂಟು, ಕಾಗದದಲ್ಲಿ ಬರೆದಿತ್ತು, ಅಂದರು.
ಬರೆದಿತ್ತು. ಮೂರನೆಯ ಪುಟ. ಕೆಳಗೆ ನಿಮ್ಮ ಸಹಿ.
ಕನ್ನಡಕ ಮನೆಯಲ್ಲೇ ಉಳಿದಿತ್ತೆಂದು
ಓದಿ ಹೇಳಿದ್ದು ನಾನು.
ಆ ಒಂದು ಸಾಲು ಹಾರಿಸಿದ್ದೂ ನಾನೇ.

ಲಕ್ವಾ ಹೊಡೀತೇನ, ಎಂದು ಫೋನಿನಲ್ಲಿ ನಾದಿನಿ.
ಅರ್ಧಾಂಗವಾಯು, ಎಂದು ತಿದ್ದಿದರು ಮಾವನವರು.
ಮದುವೆಯಲ್ಲಿ ಇದೇ ಮಾವನವರು ನನ್ನನ್ನು
ನಿಮ್ಮ ಎಡಕ್ಕೆ ಕೂಡಿಸಿ
ಅರ್ಧಾಂಗಿ ಅಂದಿದ್ದರು.
ಅಂದಿನಿಂದ ಮಂಚದಲ್ಲಿ, ಫೋಟೋದಲ್ಲಿ, ಕಾರಿನಲ್ಲಿ
ಅದೇ ನನ್ನ ಜಾಗ. ಈಗ ಆ ಜಾಗವೇ ಇಲ್ಲ.
ಬಲಕ್ಕೆ ಬರಲೇ ಅಂದರೆ ಥೆರಪಿಯ ಹುಡುಗಿ
ಬೇಡ, ಎಡಕ್ಕೇ ಕೂತಿರಿ, ಹುಡುಕಲಿ, ಅನ್ನುತ್ತಾಳೆ.
ಕೂತಿರುತ್ತೇನೆ. ಕೆಮ್ಮುತ್ತೇನೆ. ಬಳೆ ಸದ್ದು ಮಾಡುತ್ತೇನೆ.
"ಮನ್ಯಾಕಿ ಎಲ್ಲಿ ಹೋದ್ಲು?" ಎಂದು
ಬಲಗಡೆಯ ಕಿಟಕಿಯನ್ನು ಕೇಳುತ್ತೀರಿ.

ರೊಟ್ಟಿಯ ಬಲ ಅರ್ಧ ಉಂಡು, ಇಷ್ಟೇನಾ, ಅನ್ನುತ್ತೀರಿ.
ತಟ್ಟೆ ತಿರುಗಿಸುತ್ತೇನೆ.
ಎಲ್ಲಿಂದಲೋ ಅರ್ಧ ರೊಟ್ಟಿ ಹುಟ್ಟುತ್ತದೆ.

ಇಪ್ಪತ್ತೆರಡು ವರ್ಷ ಈ ಏರಿಳಿವಿನ ಶೆಫೀಲ್ಡಿಗೆ
ಕಾರು ಕಲಿಸಿದವರು ನೀವು.
ವಾಕ್ಲಿಯ ಕಡಿದಾದ ಬೀದಿ, ಮೂರು ಸಲ ಫೇಲಾದ ಬೆಥನಿ,
ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವ ಪಾಠ.
ತಲೆಯಲ್ಲಿ ಸಿಡಿಲು ಬಿದ್ದಾಗಲೂ
ನಿಮ್ಮ ಪಾದ ನಿಮ್ಮ ಬದಿಯ ಬ್ರೇಕು ಒತ್ತಿತ್ತು,
ಕೈ ಹ್ಯಾಂಡ್‌ಬ್ರೇಕು ಎಳೆದಿತ್ತು.
ಕಾರು ಒಂದು ಗೇಣು ಹಿಂದೆ ಸರಿಯಲಿಲ್ಲ ಎಂದು
ಆ ಹುಡುಗಿ ವಾರ್ಡಿಗೆ ಬಂದು ಅತ್ತಳು.
ನಾಲ್ಕನೆಯ ಸಲ ಪಾಸಾದಳು, ಬೇರೆಯವರ ಹತ್ತಿರ.
ಕಾರ್ಡು ಕಳಿಸಿದ್ದಾಳೆ. ಮೇಜಿನ ಮೇಲಿದೆ, ಎಡಕ್ಕೆ.

ನಿಮ್ಮ ಲೈಸೆನ್ಸನ್ನು ಲಕೋಟೆಗೆ ಹಾಕಿ ಕಳಿಸಿದೆ.
ಕಾರಿನ ನೆತ್ತಿಯಿಂದ
'ಕುಂದರಗಿ ಸ್ಕೂಲ್ ಆಫ್ ಮೋಟರಿಂಗ್' ಇಳಿಸಿದೆ.
ಅದರ ಅಡಿಯ ಬಣ್ಣ ಇನ್ನೂ ಹೊಸದು.

ಭಾನುವಾರ ಮನೆಗೆ ಬಿಟ್ಟರು, ಒಂದೇ ಹೊತ್ತಿಗೆ.
ಗಾಲಿಕುರ್ಚಿಯಿಂದ ಎಡ ಸೀಟಿಗೆ ದಾಟಿಸಿ
ನಿಮ್ಮ ಎಡಗೈಯನ್ನು, ಮಲಗಿದ ಕೂಸನ್ನೆತ್ತುವ ಹಾಗೆ ಎತ್ತಿ
ಮಡಿಲಲ್ಲಿಟ್ಟು, ಬೆಲ್ಟು ಹಾಕಿ,
ಸುತ್ತಿ ಬಂದು ಸ್ಟಿಯರಿಂಗಿನ ಹಿಂದೆ ಕೂತೆ.
ನೀವು ಹೊರಳಿ ನೋಡಿದಿರಿ.
ಆರು ವಾರಕ್ಕೆ ಮೊದಲ ಸಲ, ಕರೆಯದೆಯೇ.
"ಯಾವಾಗ ಬಂದಿ?"

ಈಗ ಬಂದ್ಯಾರೀ, ಅಂದೆ. ಗೇರು ಸಿಗಲಿಲ್ಲ.
"ಎಡಗನ್ನಡಿ ನೋಡು.
ಯಾರರೆ ಬರ್ತಾರೇನ?"
ಒದ್ದೆ ರಸ್ತೆ, ಸೈಕಲ್ಲಿನವನೊಬ್ಬ, ತಲೆ ತಗ್ಗಿಸಿ
ಏರು ತುಳಿಯುತ್ತಿದ್ದ.
ಬರಾಕತ್ತಾನ್ರೀ ಒಬ್ಬ.
"ಹಂಗಾದ್ರ ತಡಿ."
ತಡೆದೆ.